ನಿಂತವರು ಬೀಳದಂತೆ

ಕುಂಬಳೆಯಿಂದ ಮಂಗಳೂರಿಗೆ ಬೆಳಗಿನ ಆರೂವರೆಯ ಬಸ್ಸು.
ಡ್ರೈವರಿನ ಹಿಂದಿನ ಸೀಟಿನಲ್ಲಿ ನಾನು,
ತೊಡೆಯ ಮೇಲೆ ದಪ್ಪ ಪುಸ್ತಕ,
ನಲವತ್ತೆರಡನೇ ವಯಸ್ಸಿನಲ್ಲಿ ಪೆನ್ಸಿಲಿನ ಅಡಿಗೆರೆ.
ಮೂರು ಸಾವಿರದ ಎಂಟುನೂರು ತಾಸು ಹಾರಿದವನನ್ನು
ಪರೀಕ್ಷೆ ಕೇಳುತ್ತದೆ: ಮೋಡ ಎಷ್ಟು ವಿಧ?

ಎಷ್ಟೆಂದು ಹೇಳಲಿ.
ಕಣಿವೆಯ ಬಾಯಿಗೆ ಬಿರಡೆಯ ಹಾಗೆ ಕೂರುವುದು ಒಂದು.
ಇನ್ನೊಂದು, ತೇಜಿಂದರ್ ಒಳಗೆ ಹೊಕ್ಕು
ಈವರೆಗೆ ಹೊರಗೆ ಬಾರದ್ದು.
ಪುಸ್ತಕದಲ್ಲಿ ಹತ್ತು ಎಂದು ಉಂಟು.
ಹತ್ತು ಅಂತಲೇ ಬರೆದೆ.

ಹದಿನೆಂಟು ವರ್ಷ ನಾನು ಹೊತ್ತದ್ದು
ಅಕ್ಕಿ, ಸೀಮೆಎಣ್ಣೆ, ಕಂಬಳಿ, ಮದ್ದುಗುಂಡು,
ಒಮ್ಮೆ ಯಾರೋ ಬ್ರಿಗೇಡಿಯರರ ಹಾರ್ಮೋನಿಯಂ.
ಹಿಂಬಾಗಿಲು ತೆರೆದು, ಗಂಟೆ ಬಾರಿಸಿ, ಹಸಿರು ದೀಪ.
ಹೊರೆ ಜಾರಿತು, ಮೂತಿ ಎದ್ದಿತು, ಮೈಯೆಲ್ಲ ಹಗುರ.
ಬಿದ್ದದ್ದು ಒಡೆಯಿತೋ ಉಳಿಯಿತೋ
ಹಿಮದಲ್ಲಿ ನಿಂತವರು ನೋಡಿಕೊಳ್ಳಬೇಕು.
ಹಾಗೆ ಪಳಗಿದ ಕೈ ಇದು.

ಸಿಮ್ಯುಲೇಟರಿನಲ್ಲಿ ಎಡಗಡೆ ಕೂತವಳು ಹುಬ್ಬಳ್ಳಿಯ ಋತ್ವಿಜಾ,
ಕ್ಯಾಪ್ಟನ್, ಇಪ್ಪತ್ತೊಂಬತ್ತು.
ಯಾರು ಯಾರಿಗೆ ಸರ್ ಅನ್ನಬೇಕು ಮೇಡಂ ಅನ್ನಬೇಕು
ಎಂದು ಇಬ್ಬರಿಗೂ ಕಸಿವಿಸಿ.
ಮೂರನೇ ಸಲ ರನ್‌ವೇಗೆ ಕುಕ್ಕಿದಾಗ ಕಸಿವಿಸಿ ಬಿಟ್ಟಳು:
"ಹೆಸರು ಗಟ್ಟಿ ಅಂತ ಇಳಿಸೋದೂ ಗಟ್ಟಿ ಇರಬೇಕಂತೇನಿಲ್ರೀ.
ಹಿಂದ ನೂರಾ ಎಂಬತ್ತು ಮಂದಿ ಅದಾರ. ಚೀಲ ಅಲ್ಲ."

ಮರುವಾರ ಅದೇ ಬಸ್ಸು. ಪುಸ್ತಕ ಮುಚ್ಚಿದೆ.
ದೂಮಪ್ಪ ಬೆಳ್ಚಡರ ಬಲಗಾಲನ್ನೇ ನೋಡುತ್ತ ಕೂತೆ.
ಚಪ್ಪಲಿ ಬಿಚ್ಚಿಟ್ಟ ಪಾದ, ಹಿಮ್ಮಡಿ ಒಡೆದದ್ದು.
ಹೊಸಂಗಡಿಯಲ್ಲಿ ಮೀನಿನ ಹೆಂಗಸರು ಹತ್ತಿ
ಬುಟ್ಟಿಗಳನ್ನು ನಡುವೆಯೇ ಇಟ್ಟು ನಿಂತರು.
ದೂರದಿಂದಲೇ ಒತ್ತುತ್ತಾರೆ ದೂಮಪ್ಪ,
ಇನ್ನೇನು ನಿಂತಿತು ಅನ್ನುವ ಕೊನೆಯ ಮೊಳದಲ್ಲಿ
ಹೆಬ್ಬೆರಳಷ್ಟೇ ಸಡಿಲಿಸುತ್ತಾರೆ.
ಬುಟ್ಟಿಯ ನೀರು ಅಂಚಿನವರೆಗೆ ಬಂದು,
ಒಂದು ಕ್ಷಣ ಯೋಚಿಸಿ, ಹಿಂದಿರುಗುತ್ತದೆ.

"ಎಂತ ಮಾಡುವುದು ನೀವು, ಆ ಕೊನೆಗೆ?"
"ಎಂತದೂ ಇಲ್ಲ ಮಾರಾಯ್ರೆ.
ಕೂತವರನ್ನು ದೇವರು ನೋಡಿಕೊಳ್ಳುತ್ತಾನೆ.
ನಿಂತವರು ಬೀಳಬಾರದು, ಅಷ್ಟೇ."

ತಲಪಾಡಿ ದಾಟುವಾಗ ಕಂಡಕ್ಟರ್ ಭಾಷೆ ಬದಲಿಸಿದ.
ಚಕ್ರಕ್ಕೆ ಗೊತ್ತಾಗಲಿಲ್ಲ.
ನಾನು ಬಲ್ಲ ಗಡಿ ಬೇರೆಯದು,
ಅರ್ಧ ಡಿಗ್ರಿ ವಾಲಿದರೆ ಕಿವಿಯಲ್ಲಿ ಯಾರೋ ಕಿರುಚುವುದು.
ಇಲ್ಲಿ ಒಬ್ಬಳು ಚಿಲ್ಲರೆ ಎಣಿಸುತ್ತ
ಎರಡು ರಾಜ್ಯಗಳಲ್ಲಿ ಒಂದೇ ಬೈಗುಳ ಬೈದಳು.

ಈಗ ರಾತ್ರಿ ಹನ್ನೊಂದರ ಶಾರ್ಜಾ.
ಹೆಗಲಲ್ಲಿ ಮೂರೇ ಪಟ್ಟಿ, ಕೂರುವುದು ಬಲಕ್ಕೆ.
ಉಪ್ಪಳದ ಹಸೈನಾರಿಚ್ಚ ಹನ್ನೆರಡನೇ ಸೀಟಿನಲ್ಲಿ,
ಮೇಲೆ ಅವರ ಹಲ್ವದ ಪೊಟ್ಟಣ, ನೀಲಿ ಹಗ್ಗ ಬಿಗಿದದ್ದು.
ಮೈಕು ಹಿಡಿದು ತಡವರಿಸಿದೆ.
ಸರಕಿನೊಂದಿಗೆ ನಾನೆಂದೂ ಮಾತಾಡಿದವನಲ್ಲ.
ನಮಸ್ಕಾರ ಅಂದೆ, ಹವೆ ಚೆನ್ನಾಗಿದೆ ಅಂದೆ,
ಬೆಲ್ಟಿನ ವಿಷಯ ಹೇಳಿ ಸುಮ್ಮನಾದೆ.
ಕಡಲ ಮೇಲೆ ಏರುವಾಗ ಎಡಕ್ಕೆ, ದೂರದಲ್ಲಿ
ಕುಂಬಳೆಯ ದೀಪಗಳಿರಬೇಕು.
ಬಲಕ್ಕೆ ಕೂತವನಿಗೆ ಕಾಣುವುದಿಲ್ಲ.

ಇಳಿತ ನನ್ನದು ಎಂದರು ಕ್ಯಾಪ್ಟನ್.
ಕೊನೆಯ ಮೊಳ.
ಶೂಸಿನೊಳಗೆ ಹೆಬ್ಬೆರಳು ತಾನಾಗಿ ಸಡಿಲಿತು,
ಅಲ್ಲಿ ಅದಕ್ಕೆ ಕೆಲಸವೇನೂ ಇರಲಿಲ್ಲ.

ಬಾಗಿಲ ಬಳಿ ನಿಂತಿದ್ದೆ. ಹಸೈನಾರಿಚ್ಚ
ಕಣ್ಣುಜ್ಜುತ್ತ ಬಂದು ಕೇಳಿದರು: "ಮುಟ್ಟಿತಾ?"
ಮುಟ್ಟಿತು ಅಂದೆ.
ಪೊಟ್ಟಣವನ್ನೊಮ್ಮೆ ಒತ್ತಿ ನೋಡಿ, ನಡೆದರು.

ಹೋಟೆಲಿನಲ್ಲಿ ಲಾಗ್‌ಬುಕ್ಕು ಬಿಚ್ಚಿ ಸಾರ್ಟಿ ಎಂದು ಬರೆದು,
ಹೊಡೆದುಹಾಕಿ, ಸೆಕ್ಟರ್ ಎಂದು ಬರೆದೆ.
ನಿದ್ದೆ ಬರಲಿಲ್ಲ.
ಆ ಹಾರ್ಮೋನಿಯಂ
ಏನಾಯಿತೆಂದು ನಾನು ಕೇಳಿಯೇ ಇರಲಿಲ್ಲ.